ವಿಹಾರನೌಕೆಯ ದರ ಯಾವಾಗ ಇಳಿಯುತ್ತದೆ?

ಕೊಪ್ಪ ತಾಲ್ಲೂಕಿನ ಜಯಪುರದಲ್ಲಿ ಒಂದು ಅಡಕೆ ತೋಟದ ಮನೆಯಿದೆಯೆಂದು ಭಾವಿಸಿಕೊಳ್ಳೋಣ. ತಂದೆ, ತಾಯಿ, ಹೈಸ್ಕೂಲಿನಲ್ಲಿ ಓದುವ ಮಗಳು, ಅವಳಿಗಿಂತ ಎರಡು ವರ್ಷ ಕಿರಿಯನಾದ ಮಗ, ಹೀಗೆ ಮನೆಯಲ್ಲಿ ನಾಲ್ವರು. ಮಕ್ಕಳಿಗೆ ಹಡಗು ಹತ್ತುವ ಆಸೆ. ಆಗುಂಬೆಯ ಸೂರ್ಯಾಸ್ತವನ್ನು ನೋಡಲು ಹೋಗಿ, ಮೋಡವಿಲ್ಲದ ಸಂಜೆಯಲ್ಲಿ ದೂರದ ಅರಬ್ಬಿ ಸಮುದ್ರದ ಹೊಳಪನ್ನು ಕಂಡುಬಂದವರಿಗೆ ಈ ಆಸೆ ಹುಟ್ಟುವುದು ಸಹಜವೇ. ಮುಂಬಯಿಯಿಂದ ಹೊರಟು ಗೋವೆ, ಲಕ್ಷದ್ವೀಪಗಳ ಕಡೆ ಹೋಗಿಬರುವ ವಿಹಾರನೌಕೆಗಳು ಈಚಿನ ವರ್ಷಗಳಲ್ಲಿ ನಮ್ಮ ದೇಶದಲ್ಲಿಯೂ ಸಂಚರಿಸತೊಡಗಿವೆ. ಜನರ ಬಾಯಲ್ಲಿ ಇವು 'ಕ್ರೂಸ್' ಹಡಗುಗಳು. ತಂದೆ ದರವನ್ನು ವಿಚಾರಿಸುತ್ತಾರೆ. ಒಂದು ದಿನ ಒಂದು ಮೊತ್ತ. ಹತ್ತು ದಿನ ಬಿಟ್ಟು ಕೇಳಿದರೆ ಅದೇ ಹಡಗಿನ ಅದೇ ಕೋಣೆಗೆ ಬೇರೊಂದು ಮೊತ್ತ. ನೆರೆಯವರೊಬ್ಬರು, "ಈಗಲೇ ಹಣ ಕಟ್ಟಿಬಿಡಿ ಮಾರಾಯರೇ, ಮುಂದೆ ಏರುತ್ತದೆ" ಎನ್ನುತ್ತಾರೆ. ಮತ್ತೊಬ್ಬರು, "ಅವಸರ ಬೇಡ, ಹೊರಡುವ ದಿನ ಹತ್ತಿರ ಬಂದಹಾಗೆ ಅವರೇ ಇಳಿಸುತ್ತಾರೆ" ಎನ್ನುತ್ತಾರೆ. ಇಬ್ಬರೂ ಹೇಳುವುದು ತಮ್ಮ ತಮ್ಮ ಅನುಭವವನ್ನೇ. ಇಬ್ಬರ ಮಾತೂ ನಿಜವೇ.

ಒಂದಕ್ಕೊಂದು ವಿರುದ್ಧವಾದ ಎರಡು ಮಾತುಗಳು ಹೇಗೆ ನಿಜವಾಗಬಲ್ಲವು? ಇದನ್ನು ತಿಳಿಯಲು ಭೌತವಿಜ್ಞಾನದಿಂದ ಸ್ವಲ್ಪ, ಹವಾವಿಜ್ಞಾನದಿಂದ ಸ್ವಲ್ಪ, ಸಂಭವನೀಯತೆಯ ಗಣಿತದಿಂದ ಹೆಚ್ಚಾಗಿ ಸಹಾಯ ಪಡೆಯಬೇಕಾಗುತ್ತದೆ.

ಖಾಲಿ ಕೋಣೆಯ ಬೆಲೆ

2021ರ ಸೆಪ್ಟೆಂಬರಿನಲ್ಲಿ ಕೊರ್ಡೆಲಿಯಾ ಸಂಸ್ಥೆಯು ಮುಂಬಯಿಯಿಂದ 'ಎಂಪ್ರೆಸ್' ಎಂಬ ನೌಕೆಯಲ್ಲಿ ವಿಹಾರಯಾನವನ್ನು ಆರಂಭಿಸಿತು. ಈ ನೌಕೆ 1990ರಲ್ಲಿ ಫ್ರಾನ್ಸಿನಲ್ಲಿ ನಿರ್ಮಿತವಾದುದು. ಉದ್ದ ಸುಮಾರು 210 ಮೀಟರ್, ಅಗಲ ಸುಮಾರು 30 ಮೀಟರ್. ಇದರ ಗಾತ್ರವನ್ನು 48 ಸಾವಿರಕ್ಕೂ ಮೇಲ್ಪಟ್ಟ 'ಗ್ರಾಸ್ ಟನ್' ಎಂದು ಹೇಳುವರು. ಇಲ್ಲಿ ಟನ್ ಎಂಬ ಮಾತು ತೂಕವನ್ನು ಸೂಚಿಸುವುದಿಲ್ಲ; ಅದು ಹಡಗಿನ ಒಳಗಿನ ಅವಕಾಶದ, ಅಂದರೆ ಘನಗಾತ್ರದ, ಅಳತೆ.

ಇಂಥ ಹಡಗಿನಲ್ಲಿ 1,600 ಪ್ರಯಾಣಿಕರು ಹತ್ತಿದರೆಂದೂ, ಸಾಮಾನು ಸಹಿತ ಒಬ್ಬೊಬ್ಬರ ತೂಕ ಸರಾಸರಿ 75 ಕಿಲೋಗ್ರಾಂ ಎಂದೂ ಇಟ್ಟುಕೊಳ್ಳಿ. ಒಟ್ಟು ತೂಕ 120 ಟನ್ ಆಗುತ್ತದೆ. ಆರ್ಕಿಮಿಡೀಸನ ನಿಯಮದ ಪ್ರಕಾರ ಹಡಗು ಇನ್ನು 120 ಟನ್ ನೀರನ್ನು ಹೆಚ್ಚಾಗಿ ಪಕ್ಕಕ್ಕೆ ತಳ್ಳಬೇಕು. ಒಂದು ಘನ ಮೀಟರ್ ಸಮುದ್ರದ ನೀರು ಒಂದು ಟನ್ನಿಗಿಂತ ತುಸುವೇ ಹೆಚ್ಚು ತೂಗುವುದರಿಂದ, ಇದನ್ನು ಸುಮಾರು 120 ಘನ ಮೀಟರ್ ಎನ್ನಬಹುದು. 210ನ್ನು 30ರಿಂದ ಗುಣಿಸಿದರೆ 6,300 ಚದರ ಮೀಟರ್. ಮೂತಿಯ ಕಡೆ ಹಡಗು ಚೂಪಾಗುವುದರಿಂದ ನೀರಿನ ಮಟ್ಟದಲ್ಲಿ ಅದರ ವಿಸ್ತೀರ್ಣವನ್ನು ಸುಮಾರು 5,000 ಚದರ ಮೀಟರ್ ಎಂದು ಹಿಡಿಯೋಣ. 120ನ್ನು 5,000ದಿಂದ ಭಾಗಿಸಿದರೆ 0.024 ಮೀಟರ್. ಅಂದರೆ, ಸಾವಿರದ ಆರುನೂರು ಜನ ಗಂಟುಮೂಟೆಗಳೊಡನೆ ಹತ್ತಿದರೂ ಹಡಗು ಮುಳುಗುವುದು ಎರಡು ಬೆರಳಿನ ಅಗಲಕ್ಕಿಂತ ಕಡಿಮೆ!

ಈ ಎರಡು ಬೆರಳಿಗೆ ಸುಡುವ ಎಣ್ಣೆಯ ವೆಚ್ಚ ನಗಣ್ಯ. ಹಡಗಿನ ಎಣ್ಣೆಯ ವೆಚ್ಚವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ವೇಗ. ಯಂತ್ರಕ್ಕೆ ಬೇಕಾದ ಸಾಮರ್ಥ್ಯ ಸ್ಥೂಲವಾಗಿ ವೇಗದ ಘನದ ಪ್ರಮಾಣದಲ್ಲಿ ಏರುತ್ತದೆ. ನಾವಿಕರ ಸಂಬಳ, ಬಂದರಿನ ಶುಲ್ಕದ ಬಹುಭಾಗ, ಹಡಗಿನ ಸಾಲದ ಬಡ್ಡಿ, ಇವೂ ಜನ ಹತ್ತಿದರೂ ಹತ್ತದಿದ್ದರೂ ಇದ್ದೇ ಇರುತ್ತವೆ. ಹೊಸದಾಗಿ ಒಬ್ಬ ಪ್ರಯಾಣಿಕ ಬಂದರೆ ಹೆಚ್ಚುವ ಖರ್ಚು ಅವನ ಊಟ ಉಪಚಾರಗಳಷ್ಟೇ. ಆದರೆ ಅವನಿಂದ ಬರುವ ಆದಾಯ ಟಿಕೆಟ್ಟಿನಲ್ಲಿಯೇ ಮುಗಿಯುವುದಿಲ್ಲ; ಹಡಗಿನೊಳಗಿನ ಅಂಗಡಿಗಳು, ಪಾನೀಯಗಳು, ದಡದ ಮೇಲಿನ ಸುತ್ತಾಟಗಳು, ಎಲ್ಲವೂ ಹಣ ತರುವಂಥವು. ಹಡಗು ಧಕ್ಕೆಯನ್ನು ಬಿಟ್ಟ ಕ್ಷಣದಲ್ಲಿ ಖಾಲಿ ಕೋಣೆಯ ಬೆಲೆ ಶೂನ್ಯವಾಗುತ್ತದೆ. ಅದನ್ನು ನಾಳೆಗೆ ಎತ್ತಿಡುವಂತಿಲ್ಲ.

ಸಂತೆಯ ಸಂಜೆಯಲ್ಲಿ ಸೊಪ್ಪು ಮಾರುವಾಕೆ ಬೆಲೆಯನ್ನು ಅರ್ಧಕ್ಕಿಳಿಸುವುದು ಇದೇ ಕಾರಣದಿಂದ. ಎರಡನೆಯ ನೆರೆಯವರ ಮಾತಿಗೆ ಇದೇ ಆಧಾರ.

ಹಾಗಾದರೆ ಕೊನೆಯ ದಿನದವರೆಗೂ ಕಾಯುವುದೇ ಜಾಣತನವಲ್ಲವೇ? ಇಲ್ಲಿ ಒಂದು ತೊಡಕುಂಟು. ಸಂಜೆಗೆ ಬೆಲೆ ಇಳಿದೇ ಇಳಿಯುತ್ತದೆ ಎಂದು ಊರಿಗೆಲ್ಲ ಗೊತ್ತಾದರೆ ಬೆಳಗ್ಗೆ ಕೊಳ್ಳಲು ಯಾರೂ ಬರುವುದಿಲ್ಲ. ಮಾರುವವನು ತನ್ನ ಮುಂದಿನ ರಿಯಾಯಿತಿಗೆ ತಾನೇ ಬಲಿಯಾಗುವ ಈ ವಿಚಿತ್ರವನ್ನು, ಕೆಡದೆ ಉಳಿಯುವ ಸರಕುಗಳ ವಿಷಯದಲ್ಲಿ, ಅರ್ಥಶಾಸ್ತ್ರಜ್ಞ ರೊನಾಲ್ಡ್ ಕೋಸ್ 1972ರಲ್ಲಿ ಚರ್ಚಿಸಿದನು. ಹಡಗಿನವರೂ ಇದನ್ನು ಬಲ್ಲರು. ಆದುದರಿಂದಲೇ ಅವರು ಒಮ್ಮೆ ಇಳಿಸಿ, ಒಮ್ಮೆ ಏರಿಸಿ, ಕೊಳ್ಳುವವನಿಗೆ ಯಾವ ಭರವಸೆಯೂ ಉಳಿಯದಂತೆ ನೋಡಿಕೊಳ್ಳುವರು.

ಲಿಟ್ಲ್‌ವುಡ್ಡನ ನಿಯಮ

ಏರಿಸುವುದು ಯಾವಾಗ, ಇಳಿಸುವುದು ಯಾವಾಗ ಎಂಬುದಕ್ಕೆ ಗಣಿತದ ಆಧಾರವೊಂದಿದೆ. ಅದೂ 1972ರದೇ. ಬ್ರಿಟನ್ನಿನ ಬಿ.ಓ.ಎ.ಸಿ. ವಿಮಾನ ಸಂಸ್ಥೆಯಲ್ಲಿದ್ದ ಕೆನ್ ಲಿಟ್ಲ್‌ವುಡ್ ಎಂಬಾತನು ವಿಮಾನದ ಆಸನಗಳಿಗಾಗಿ ಇದನ್ನು ರೂಪಿಸಿದನು. ಹಡಗಿನ ಕೋಣೆಗಳಿಗೂ ಇದು ಅನ್ವಯಿಸುತ್ತದೆ. ಒಂದು ಲೆಕ್ಕದಿಂದ ತಿಳಿಯೋಣ. ಇಲ್ಲಿಯೂ ಮುಂದೆಯೂ ಕೊಡುವ ದರಗಳು ಲೆಕ್ಕಕ್ಕಾಗಿ ಕಲ್ಪಿಸಿಕೊಂಡವು. ಯಾವ ಸಂಸ್ಥೆಯ ದರಪಟ್ಟಿಯಿಂದಲೂ ತೆಗೆದುವಲ್ಲ.

ಹಡಗಿನಲ್ಲಿ ನಾಲ್ವರು ಮಲಗಬಹುದಾದ ಕೋಣೆಗಳು ಹತ್ತು ಇವೆ. ಮುಂಚಿತವಾಗಿ ಬರುವ ಕುಟುಂಬ ಒಂದು ಕೋಣೆಗೆ 90,000 ರೂಪಾಯಿ ಕೊಡುತ್ತದೆ. ಕಡೆಯ ವಾರಗಳಲ್ಲಿ ಬರುವ ಅವಸರದ ಕುಟುಂಬ 1,20,000 ಕೊಡಲು ಸಿದ್ಧವಿರುತ್ತದೆ. ಆದರೆ ಅಂಥವರು ಎಷ್ಟು ಮಂದಿ ಬರುವರೋ ಹೇಳಲಾಗದು. ರಜೆಯ ಕಾಲದಲ್ಲಿ ಕಡೆಯ ಗಳಿಗೆಗೆ ಕನಿಷ್ಠ ಐದು ಕುಟುಂಬಗಳು ಬರುವ ಸಂಭವನೀಯತೆ 0.76, ಕನಿಷ್ಠ ಆರು ಬರುವ ಸಂಭವನೀಯತೆ 0.66 ಎಂದು ಹಡಗಿನವರು ಹಿಂದಿನ ವರ್ಷಗಳ ದಾಖಲೆಯಿಂದ ಕಂಡುಕೊಂಡಿದ್ದಾರೆ ಎನ್ನೋಣ. ಐದನೆಯ ಕೋಣೆಯನ್ನು ಅವರಿಗಾಗಿ ಕಾದಿಟ್ಟರೆ ನಿರೀಕ್ಷಿತ ಆದಾಯ 1,20,000 × 0.76 = 91,200 ರೂಪಾಯಿ. ಇದು ಕೈಯಲ್ಲಿರುವ 90,000ಕ್ಕಿಂತ ಹೆಚ್ಚು, ಕಾದಿಡುವುದು ಲಾಭ. ಆರನೆಯದನ್ನು ಕಾದಿಟ್ಟರೆ 79,200 ಮಾತ್ರ; ಅದನ್ನು ಈಗಲೇ ಮಾರಿಬಿಡುವುದು ಲೇಸು. ಆದುದರಿಂದ ಹತ್ತರಲ್ಲಿ ಐದು ಕೋಣೆಗಳು ಮಾತ್ರ ಅಗ್ಗದ ದರಕ್ಕೆ ಸಿಕ್ಕುತ್ತವೆ. ಅವು ಮುಗಿದೊಡನೆ ದರ ಜಿಗಿಯುತ್ತದೆ.

ಇನ್ನು ಬಿಡುವಿನ ಕಾಲವನ್ನು ನೋಡಿ. ಆಗ ಕಡೆಯ ಗಳಿಗೆಗೆ ಒಂದಾದರೂ ಕುಟುಂಬ ಬರುವ ಸಂಭವನೀಯತೆಯೇ 0.70 ಎಂದಿಟ್ಟುಕೊಂಡರೆ, 1,20,000 × 0.70 = 84,000. ಮೊದಲನೆಯ ಕೋಣೆಯನ್ನು ಕಾದಿಡುವುದೂ ನಷ್ಟವೇ! ಹತ್ತಕ್ಕೆ ಹತ್ತೂ ಅಗ್ಗದ ದರಕ್ಕೆ ಹೋಗುತ್ತವೆ. ಅವೂ ಉಳಿದರೆ ಕೊನೆಯಲ್ಲಿ ಇನ್ನೂ ಇಳಿಯುತ್ತವೆ. ನಿಯಮ ಒಂದೇ, ಆದರೆ ರಜೆಯ ಯಾನದಲ್ಲಿ ಅದು ಮೊದಲನೆಯ ನೆರೆಯವರನ್ನು ಸರಿಯೆನ್ನಿಸುತ್ತದೆ, ಬಿಡುವಿನ ಯಾನದಲ್ಲಿ ಎರಡನೆಯವರನ್ನು.

ನೂರಕ್ಕಿಂತ ಹೆಚ್ಚಿನ ಶೇಕಡಾ

ವಿಹಾರನೌಕಾ ಸಂಸ್ಥೆಗಳ ವಾರ್ಷಿಕ ವರದಿಗಳನ್ನು ಓದುವವರಿಗೆ ಒಂದು ಒಗಟು ಎದುರಾಗುತ್ತದೆ. ಹಡಗುಗಳು ಶೇಕಡಾ ನೂರಕ್ಕಿಂತಲೂ ಹೆಚ್ಚು ತುಂಬಿದ್ದುವು ಎಂದು ಅವರು ಬರೆಯುವುದುಂಟು. ನೂರಕ್ಕಿಂತ ಹೆಚ್ಚು ತುಂಬುವುದು ಹೇಗೆ? ಉತ್ತರ ಸರಳವಾಗಿದೆ. ಈ ವ್ಯಾಪಾರದಲ್ಲಿ ಒಂದು ಕೋಣೆಗೆ ಇಬ್ಬರು ಎಂದು ಎಣಿಸುವ ರೂಢಿ. ನಮ್ಮ ಜಯಪುರದ ನಾಲ್ವರು ಒಂದೇ ಕೋಣೆಯನ್ನು ಹಿಡಿದರೆ ಆ ಕೋಣೆ ಶೇಕಡಾ 200 ತುಂಬಿದಂತೆ.

ಈ ರೂಢಿಯಿಂದ ಕುಟುಂಬಕ್ಕೆ ಒಂದು ಅನುಕೂಲವೂ ಒಂದು ಅಪಾಯವೂ ಇವೆ. ಜಾಹೀರಾತಿನಲ್ಲಿ ಕಾಣುವ ದರ, ಇಬ್ಬರು ಹಂಚಿಕೊಂಡ ಕೋಣೆಯಲ್ಲಿ ತಲೆಗೆ ಇಷ್ಟು ಎಂಬುದು. ಮೂರನೆಯ ಮತ್ತು ನಾಲ್ಕನೆಯ ಹಾಸಿಗೆಗಳಿಗೆ ಸಾಮಾನ್ಯವಾಗಿ ಕಡಿಮೆ ದರ. ಕೆಲವು ವೇಳೆ ಮಕ್ಕಳಿಗೆ ಬಂದರಿನ ಶುಲ್ಕ ಮತ್ತು ತೆರಿಗೆ ಮಾತ್ರ. ಇದು ಅನುಕೂಲ. ಆದರೆ ಗೋಡೆಯಿಂದ ಇಳಿಸುವ ಹೆಚ್ಚುವರಿ ಹಾಸಿಗೆಗಳುಳ್ಳ ಕೋಣೆಗಳು ಹಡಗಿನಲ್ಲಿ ಕೆಲವೇ. ಅದಲ್ಲದೆ ಪ್ರಯಾಣಿಕರ ಒಟ್ಟು ಸಂಖ್ಯೆಗೆ ಜೀವರಕ್ಷಕ ದೋಣಿಗಳು ಮಿತಿಯನ್ನು ಹಾಕುತ್ತವೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ಮೊದಲು ಒಪ್ಪಿತವಾಗಿ ಮುಂದೆ ಹಲವು ಸಲ ತಿದ್ದಿಬಂದ ಅಂತರರಾಷ್ಟ್ರೀಯ ಒಡಂಬಡಿಕೆಯ ಪ್ರಕಾರ, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ಪ್ರಾಣರಕ್ಷಣೆಯ ಸ್ಥಳವಿರಲೇಬೇಕು. ಆದುದರಿಂದ ಕೋಣೆಯಲ್ಲಿ ಹಾಸಿಗೆ ಇದ್ದರೂ ದೋಣಿಯ ಲೆಕ್ಕ ಭರ್ತಿಯಾಗಿದ್ದರೆ ನಾಲ್ಕನೆಯವನಿಗೆ ಟಿಕೆಟ್ ದೊರೆಯದೆ ಹೋಗಬಹುದು. ಮಕ್ಕಳ ರಜೆಯಲ್ಲಿ ಎಲ್ಲರಿಗೂ ಬೇಕಾಗುವುದು ಈ ಕೋಣೆಗಳೇ. ಎಲ್ಲಕ್ಕಿಂತ ಮೊದಲು ಮುಗಿಯುವುವೂ ಇವೇ. ಕಡೆಯ ಗಳಿಗೆಯ ರಿಯಾಯಿತಿ ಬರುವ ಹೊತ್ತಿಗೆ ಉಳಿದಿರುವುದು ಇಬ್ಬರ ಕೋಣೆಗಳು.

ಕಾಯುವುದರ ಲೆಕ್ಕವನ್ನು ಈಗ ಮಾಡಬಹುದು. ಕುಟುಂಬದ ಕೋಣೆಗೆ ಇಂದಿನ ದರ 90,000 ರೂಪಾಯಿ. ಕಾದರೆ 70,000ಕ್ಕೆ ಇಳಿಯುವ ಸಂಭವ 0.4, ಹಾಗೆಯೇ ಉಳಿಯುವ ಸಂಭವ 0.3, ಕೋಣೆಯೇ ಮುಗಿದು, ಎರಡು ಬೇರೆ ಕೋಣೆಗಳನ್ನು 1,30,000ಕ್ಕೆ ಹಿಡಿಯಬೇಕಾಗುವ ಸಂಭವ 0.3. ಆಗ ನಿರೀಕ್ಷಿತ ಖರ್ಚು 28,000 + 27,000 + 39,000 = 94,000. ಕಾದದ್ದಕ್ಕೆ ಸರಾಸರಿ 4,000 ರೂಪಾಯಿ ದಂಡ! ಇದೇ ಯಾನಕ್ಕೆ ಗಂಡಹೆಂಡಿರಿಬ್ಬರೇ ಹೊರಟರೆನ್ನಿ. ಇಂದಿನ ದರ 50,000. ಯಾವ ಕೋಣೆಯಾದರೂ ಅವರಿಗೆ ಸಾಕು. 38,000ಕ್ಕೆ ಇಳಿಯುವ ಸಂಭವ 0.4, ಹಾಗೆಯೇ ಉಳಿಯುವುದು 0.3, 56,000ಕ್ಕೆ ಏರುವುದು 0.3 ಆದರೆ, 15,200 + 15,000 + 16,800 = 47,000. ಇವರು ಕಾದು 3,000 ಉಳಿಸುತ್ತಾರೆ. ಇಳಿಯುವ ಸಂಭವ ಎರಡೂ ಕಡೆ ಒಂದೇ ಆಗಿದ್ದುದನ್ನು ಗಮನಿಸಿರಿ. ವ್ಯತ್ಯಾಸ ಬಂದುದು, ತಪ್ಪಿದಾಗ ತೆರಬೇಕಾದ ಬೆಲೆಯಿಂದ.

ಜಯಪುರದವರಿಗೆ ಮತ್ತೊಂದು ಕಷ್ಟವುಂಟು. ಕೊಪ್ಪ, ಶೃಂಗೇರಿ ತಾಲ್ಲೂಕುಗಳಲ್ಲಿ ರೈಲುಹಾದಿಯಿಲ್ಲ. (ಹಿಂದೆ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿ ಹಳಿಯ ಪುಟ್ಟ ರೈಲೊಂದು ಓಡಾಡುತ್ತಿದ್ದುದನ್ನು ಹಿರಿಯರು ನೆನೆಯುವುದುಂಟು.) ಘಟ್ಟವಿಳಿದು ಉಡುಪಿಗೋ ಮಂಗಳೂರಿಗೋ ಹೋಗಿ ಕೊಂಕಣ ರೈಲನ್ನು ಹಿಡಿಯಬೇಕು. 2024ರ ನವೆಂಬರಿನಿಂದ ರೈಲಿನ ಮುಂಗಡ ಟಿಕೆಟ್ ಹೊರಡುವುದಕ್ಕೆ 60 ದಿನ ಮೊದಲು ದೊರೆಯುತ್ತದೆ; ರಜೆಯ ದಿನಗಳದಾದರೆ ಬೇಗನೆ ಮುಗಿದೂ ಹೋಗುತ್ತದೆ. ಹಡಗಿನ ದರ ಹದಿನೈದು ದಿನ ಮೊದಲು ಇಳಿದರೂ, ಮುಂಬಯಿಗೆ ನಾಲ್ವರು ಹೋಗಿ ಸೇರುವ ವೆಚ್ಚ ಆ ಉಳಿತಾಯವನ್ನು ನುಂಗಿಬಿಡಬಹುದು. ಮುಂಬಯಿಯಲ್ಲಿಯೇ ಮನೆಯುಳ್ಳವನಿಗೆ ಈ ಚಿಂತೆಯಿಲ್ಲ.

ಎರಡನ್ನೂ ಹಿಡಿಯುವ ದಾರಿ

ಬೇಗ ಕಾದಿರಿಸುವುದೋ ಕಾಯುವುದೋ ಎಂಬ ಪ್ರಶ್ನೆಗೆ ಮೂರನೆಯ ಉತ್ತರವೊಂದಿದೆ. ವಿದೇಶೀಯ ಸಂಸ್ಥೆಗಳಲ್ಲಿ ಮೊದಲು ಸ್ವಲ್ಪ ಮುಂಗಡ ಕೊಟ್ಟು, ಉಳಿದುದನ್ನು ಹೊರಡುವುದಕ್ಕೆ ಸುಮಾರು 90 ದಿನ ಮುಂಚೆ ಕಟ್ಟುವ ಪದ್ಧತಿ ಸಾಮಾನ್ಯ. ಆ ಗಡುವಿನೊಳಗೆ ಬಿಟ್ಟರೆ ಮುಂಗಡ ಹಿಂದಕ್ಕೆ ಬರುವಂಥ ಟಿಕೆಟ್ಟುಗಳುಂಟು. ಗಡುವಿಗೆ ಮೊದಲು ದರ ಇಳಿದರೆ ಇಳಿದ ದರವನ್ನೇ ಕೊಡುವ ಸಂಸ್ಥೆಗಳೂ ಉಂಟು. ಮನಸ್ಸು ಬದಲಾಯಿಸಿದವರು ಬಿಟ್ಟುಕೊಟ್ಟ ಕೋಣೆಗಳು ಗಡುವಿನ ಹೊತ್ತಿಗೆ ಒಮ್ಮೆಲೇ ಮರಳಿ ಬರುವುದರಿಂದ ದರ ಕದಲುವುದೂ ಆ ವಾರಗಳಲ್ಲಿಯೇ.

ಇಂಥ ಷರತ್ತು ದೊರೆತರೆ ಲೆಕ್ಕ ಹೀಗಾಗುತ್ತದೆ. ಗಡುವಿಗೆ ಮೊದಲು 70,000ಕ್ಕೆ ಇಳಿಯುವ ಸಂಭವ 0.2 ಮಾತ್ರ ಎಂದಿಟ್ಟುಕೊಂಡರೂ, 14,000 + 72,000 = 86,000. ಈಗಲೇ ಪೂರ್ತಿ ಕೊಂಡುದಕ್ಕಿಂತಲೂ ಅಗ್ಗ, ಕಾದುದಕ್ಕಿಂತಲೂ ಅಗ್ಗ, ಕೋಣೆಯಂತೂ ಭದ್ರ. ಆದುದರಿಂದ ತಂದೆ ಮೊದಲು ಓದಬೇಕಾದುದು ದರಪಟ್ಟಿಯನ್ನಲ್ಲ, ಟಿಕೆಟ್ ರದ್ದುಮಾಡಿದರೆ ಏನು ಎಂದು ತಿಳಿಸುವ ಸಣ್ಣ ಅಕ್ಷರದ ಸಾಲುಗಳನ್ನು. ರದ್ದಾದರೆ ಏನೂ ಮರಳದು ಎಂಬ ಷರತ್ತಿನ ಅಗ್ಗದ ಟಿಕೆಟ್ಟಿನಲ್ಲಿ ಈ ಅನುಕೂಲವಿಲ್ಲ. ಎರಡರ ದರಗಳ ಅಂತರವೇ ಈ ಅನುಕೂಲದ ಬೆಲೆ.

ಸರ್ಕಾರದ ಹಡಗುಗಳ ರೀತಿ ಬೇರೆ. ಕೊಚ್ಚಿಯಿಂದ ಲಕ್ಷದ್ವೀಪಕ್ಕೆ ಹೋಗುವ 'ಕವರತ್ತಿ'ಯಂಥ ಹಡಗುಗಳ ದರ ದಿನದಿನಕ್ಕೂ ಏರಿಳಿಯುವುದಿಲ್ಲ. ಅಲ್ಲಿ ಅಗ್ಗದ ದಿನವೆಂಬುದಿಲ್ಲ. ಜಾಗ ಸಿಕ್ಕುವ ದಿನ, ಸಿಕ್ಕದ ದಿನ ಎಂಬ ಭೇದ ಮಾತ್ರ.

ಗಾಳಿಯ ಪಂಚಾಂಗ

ಯಾವಾಗ ಕಾದಿರಿಸಬೇಕೆಂಬುದಕ್ಕಿಂತ ಯಾವಾಗ ಹೊರಡಬೇಕೆಂಬುದು ದರವನ್ನು ಹೆಚ್ಚಾಗಿ ಬದಲಾಯಿಸುತ್ತದೆ. ಇಲ್ಲಿ ಮೊದಲ ಅಧಿಕಾರ ಗಾಳಿಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತವು ಅರಬ್ಬಿ ಸಮುದ್ರವನ್ನು ಕಲಕುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿ, ಜಯಪುರದ ತೋಟಗಳನ್ನು ತೋಯಿಸುವ ಗಾಳಿಯೂ, ಪಶ್ಚಿಮದ ಬಂದರುಗಳಲ್ಲಿ ಅಲೆಗಳನ್ನು ಎಬ್ಬಿಸುವ ಗಾಳಿಯೂ ಒಂದೇ. 'ಮಾನ್ಸೂನ್' ಎಂಬ ಮಾತಿನ ಮೂಲವಾದ ಅರಬ್ಬಿಯ 'ಮೌಸಿಮ್' ಶಬ್ದಕ್ಕೆ ಋತು ಎಂಬುದೇ ಅರ್ಥ. ಕೊಂಕಣ ರೈಲು ಪೂರ್ಣವಾದುದು 1998ರಲ್ಲಿ. ಅದಕ್ಕೆ ಬಹಳ ಹಿಂದೆ ಮಂಗಳೂರು ಮುಂಬಯಿಗಳ ನಡುವೆ ಜನರನ್ನು ಸಾಗಿಸುತ್ತಿದ್ದ ಉಗಿಹಡಗುಗಳು ಮಳೆಗಾಲದಲ್ಲಿ ನಿಲ್ಲುತ್ತಿದ್ದುವು. ಇಂದಿನ ವಿಹಾರನೌಕೆಯೂ ಈ ಗಾಳಿಯನ್ನು ಮೀರಲಾರದು. 2022 ಮತ್ತು 2023ರ ಜೂನ್ ತಿಂಗಳುಗಳಲ್ಲಿ 'ಎಂಪ್ರೆಸ್' ಚೆನ್ನೈಯಿಂದ ಯಾನ ಮಾಡಿತು. ಘಟ್ಟಗಳ ಮರೆಯಲ್ಲಿರುವ ಪೂರ್ವ ತೀರಕ್ಕೆ ಆಗ ಮಾರುತದ ಹೊಡೆತ ಕಡಿಮೆ.

ಹೊರನಾಡುಗಳಲ್ಲಿಯೂ ಹೀಗೆಯೇ. ಕೆರಿಬಿಯನ್ ಸಮುದ್ರದ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30. ಅದರ ಉಗ್ರತೆ ಸೆಪ್ಟೆಂಬರಿನಲ್ಲಿ. ಶಾಲೆಗಳೂ ಆಗತಾನೇ ತೆರೆದಿರುವುದರಿಂದ ಅಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ಗಳು ಅಗ್ಗ. ಬೇಸಗೆಯ ಹಡಗುಗಳು ಯುರೋಪಿನಿಂದ ಅಮೆರಿಕಕ್ಕೆ ಹೇಗೂ ಮರಳಲೇಬೇಕಾದ ಶರತ್ಕಾಲದ ಯಾನಗಳಲ್ಲಿ ಒಂದು ರಾತ್ರಿಯ ದರ ಬಹಳ ಇಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗಿನ ಕಾಲಕ್ಕೆ ಆ ವ್ಯಾಪಾರಿಗಳು 'ವೇವ್ ಸೀಸನ್' ಎಂಬ ಹೆಸರಿಟ್ಟು ರಿಯಾಯಿತಿಗಳನ್ನು ಸಾರುವರು. ಅದು ಹಡಗು ಹೊರಡುವ ಕಾಲವಲ್ಲ, ವರ್ಷದ ಟಿಕೆಟ್ಟುಗಳು ಬಿಕರಿಯಾಗುವ ಕಾಲ.

ಗಾಳಿಯ ಪಂಚಾಂಗಕ್ಕೆ ಶಾಲೆಯ ಪಂಚಾಂಗವನ್ನೂ ತೋಟದ ಪಂಚಾಂಗವನ್ನೂ ಜೋಡಿಸಿ ನೋಡಿದರೆ ಜಯಪುರದ ಕುಟುಂಬಕ್ಕೆ ಉಳಿಯುವ ದಿನಗಳು ಎಷ್ಟು? ಫೆಬ್ರವರಿ ಮಾರ್ಚ್‌ಗಳಲ್ಲಿ ಸಮುದ್ರ ಶಾಂತ, ದರವೂ ಸಾಧು. ಹಾಗಿರುವುದು ಎಲ್ಲ ಮನೆಗಳಲ್ಲಿಯೂ ಪರೀಕ್ಷೆಯ ಕಾಲವಾದುದರಿಂದಲೇ. ಮಗಳ ಪರೀಕ್ಷೆಯೂ ಆಗಲೇ. ಡಿಸೆಂಬರ್ ಕೊನೆಯಲ್ಲಿ ದರ ಶಿಖರದಲ್ಲಿರುತ್ತದೆ. ತೋಟದಲ್ಲಿ ಅಡಕೆ ಕೊಯ್ಲು, ಕಾಫಿ ಕೊಯ್ಲು. ಏಪ್ರಿಲ್ ಮೇ ತಿಂಗಳುಗಳಲ್ಲಿ ರಜೆಯಿದೆ, ಬಿಡುವೂ ಇದೆ. ಆದರೆ ಇಡೀ ದೇಶದ ಮಕ್ಕಳಿಗೂ ಆಗಲೇ ರಜೆ. ಮೇ ನಡುವಿನ ನಂತರದ ಅಗ್ಗಕ್ಕೆ ಚಂಡಮಾರುತದ ಭಯ ಅಂಟಿಕೊಂಡಿದೆ; 2021ರ 'ತೌಕ್ತೆ' ಲಕ್ಷದ್ವೀಪದ ಬಳಿ ಎದ್ದು ನಮ್ಮ ಕರಾವಳಿಯನ್ನು ಸವರಿಕೊಂಡು ಹೋದುದು ಆ ತಿಂಗಳ ಮಧ್ಯದಲ್ಲಿಯೇ. ಜೂನ್‌ನಿಂದ ಆಗಸ್ಟ್‌ವರೆಗೆ ಶಾಲೆಯೂ ಇದೆ, ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಕೆಲಸವೂ ಇದೆ.

ಉಳಿಯುವುದು ದಸರೆಯ ರಜೆ. ಇಲ್ಲಿ ನಮ್ಮ ರಾಜ್ಯದವರಿಗೆ ಒಂದು ವಿಶೇಷ ಸೌಲಭ್ಯವಿದೆಯೆಂದು ನನಗೆ ತೋರುತ್ತದೆ. ಕರ್ನಾಟಕದ ಶಾಲೆಗಳಿಗೆ ದಸರೆಗೆ ದೀರ್ಘ ರಜೆ. ಮುಂಬಯಿಯ ಹಡಗಿಗೆ ಹತ್ತಿರದವರಾದ ಮಹಾರಾಷ್ಟ್ರ, ಗುಜರಾತಿನವರಿಗೆ ದೀರ್ಘ ರಜೆ ದೀಪಾವಳಿಗೆ. ಈ ಎರಡು ಹಬ್ಬಗಳ ನಡುವೆ ಸುಮಾರು ಮೂರು ವಾರಗಳ ಅಂತರ. ದಸರೆಯ ರಜೆಯ ಸೋಮವಾರದಿಂದ ಗುರುವಾರದೊಳಗಿನ ಯಾನದಲ್ಲಿ, ವಿಜಯದಶಮಿಯ ಒಂದೆರಡು ದಿನಗಳನ್ನು ಬಿಟ್ಟರೆ, ಕುಟುಂಬದ ಕೋಣೆಗಳಿಗೆ ಪೈಪೋಟಿ ಕಡಿಮೆಯಿರಬೇಕು. ಹಬ್ಬ ಅಕ್ಟೋಬರಿನಲ್ಲಿ ತಡವಾಗಿ ಬಂದ ವರ್ಷಗಳಲ್ಲಿ ಮಾರುತ ಹಿಂದೆ ಸರಿದು ಸಮುದ್ರವೂ ಹೆಚ್ಚು ನೆಮ್ಮದಿಯಾಗಿರುತ್ತದೆ. ಕೊನೆ ಕೊಯ್ಯುವವರು ಬರುವುದರೊಳಗೆ ನಾಲ್ಕು ದಿನ ಬಿಡುವು ಮಾಡಿಕೊಳ್ಳುವುದು ತಂದೆಯ ಪಾಲಿನ ಕೆಲಸ.

ಈ ಊಹೆಯನ್ನು ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಅದಕ್ಕೆ ಟಿಕೆಟ್ ಕೊಳ್ಳಬೇಕಾಗಿಲ್ಲ. ದಸರೆಯ ರಜೆಯಲ್ಲಿ ಒಂದು, ದೀಪಾವಳಿಯ ವಾರದಲ್ಲಿ ಒಂದು, ಹೀಗೆ ಎರಡು ಯಾನಗಳನ್ನು ಆರಿಸಿಕೊಳ್ಳಿ. ಜೂನ್ ತಿಂಗಳಿನಿಂದ ಪ್ರತಿ ಭಾನುವಾರ ಎರಡರ ದರವನ್ನೂ ನೋಡಿ ಬರೆದಿಡಿ. ತಲೆಗೆ ಇಷ್ಟು ಎಂಬ ಅಂಕಿಯನ್ನು ಬರೆಯದೆ, ನಾಲ್ವರಿಗೆ ಒಂದೇ ಕೋಣೆ ಎಂದು ಕೇಳಿ, ತೆರಿಗೆ ಮತ್ತು ಬಂದರಿನ ಶುಲ್ಕ ಸೇರಿದ ಮೊತ್ತವನ್ನೇ ಬರೆಯಬೇಕು. ಅದೇ ಹಡಗಿನಲ್ಲಿ ಇಬ್ಬರಿಗಾದರೆ ಎಷ್ಟು ಎಂಬುದನ್ನು ಮತ್ತೊಂದು ಸಾಲಿನಲ್ಲಿ ಬರೆಯಿರಿ. ನಕ್ಷಾಕಾಗದದ ಮೇಲೆ ಅಡ್ಡಗೆರೆಯಲ್ಲಿ ವಾರಗಳನ್ನೂ ಉದ್ದಗೆರೆಯಲ್ಲಿ ರೂಪಾಯಿಗಳನ್ನೂ ಗುರುತಿಸಿದರೆ ನಾಲ್ಕು ರೇಖೆಗಳು ದೊರೆಯುತ್ತವೆ. ನಾಲ್ವರ ಕೋಣೆ 'ಇಲ್ಲ' ಎಂದು ಉತ್ತರ ಬಂದ ವಾರದಲ್ಲಿ ಆ ರೇಖೆಯನ್ನು ನಿಲ್ಲಿಸಿ ಒಂದು ಗುಣಾಕಾರ ಚಿಹ್ನೆಯನ್ನು ಹಾಕಿ, ಇಬ್ಬರ ರೇಖೆ ಅಲ್ಲಿಂದ ಮುಂದೆ ಎತ್ತ ಸಾಗುತ್ತದೆಂಬುದನ್ನು ನೋಡಿರಿ.